ಹೆಡ್ ಕ್ಲೀನಿಂಗ್ ಕಾಲದ ಕಸುಬು

ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಭಾರತದಲ್ಲಿ ಇಂಥ ವಿಡಿಯೊ ಕ್ಯಾಸೆಟ್ ಯಂತ್ರಕ್ಕೆ, ಅಂದರೆ ವಿಸಿಆರ್‌ಗೆ, ಕಾಲ ಕೂಡಿಬಂದದ್ದು ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, 1982ರಲ್ಲಿ. ದೂರದರ್ಶನ ಬಣ್ಣಕ್ಕೆ ತಿರುಗಿತು. ಕಲರ್ ಟಿವಿಯ ಬೆನ್ನಿಗೇ ವಿಸಿಆರ್ ಕೂಡ ಮನೆ ಹೊಕ್ಕಿತು. ಕರಾವಳಿಗೆ ಅದನ್ನು ಹೊತ್ತು ತಂದವರಲ್ಲಿ ಗಲ್ಫ್‌ನಲ್ಲಿ ದುಡಿಯುವವರೂ ಇದ್ದರು. ಕೊಳ್ಳಲಾಗದವರಿಗೆ ವಿಡಿಯೊ ಲೈಬ್ರರಿಗಳಲ್ಲಿ ಕ್ಯಾಸೆಟ್ಟಿನ ಜೊತೆ ಯಂತ್ರವೂ ಬಾಡಿಗೆಗೆ ಸಿಗುತ್ತಿತ್ತು. ಹಾಗೆ ಮನೆಮನೆ ತಿರುಗುವ ಯಂತ್ರ ಕೆಡದೆ ಉಳಿಯುವುದುಂಟೆ? ರೇಡಿಯೊ, ಟಿವಿ ರಿಪೇರಿ ಅಂಗಡಿಗಳಿಗೆ ಹೊಸ ಕೆಲಸ ಬಂತು.

ರೇಡಿಯೊ ಬಲ್ಲವರಿಗೂ ಇದು ಬೇರೆಯದೇ ವಿದ್ಯೆ. ವಿಸಿಆರ್‌ನ ಕಾಯಿಲೆ ಸರ್ಕಿಟ್ಟಿಗಿಂತ ಹೆಚ್ಚಾಗಿ ರಬ್ಬರು, ಗ್ರೀಸು, ಕೊಳೆಯಲ್ಲಿ ಇರುತ್ತಿತ್ತು. ಭಾರತದ ಟಿವಿಯ ಪಾಲ್ ಪದ್ಧತಿಯಲ್ಲಿ ಅರ್ಧ ಇಂಚು ಅಗಲದ ವಿಎಚ್‌ಎಸ್ ಟೇಪು ಸೆಕೆಂಡಿಗೆ 23 ಮಿಲಿಮೀಟರಿನಷ್ಟು ಮಾತ್ರ ಸರಿಯುತ್ತದೆ. ಚಿತ್ರಕ್ಕೆ ಆ ವೇಗ ಏನೇನೂ ಸಾಲದು. ಅದಕ್ಕಾಗಿ 62 ಮಿಲಿಮೀಟರ್ ವ್ಯಾಸದ ಡ್ರಮ್ಮು ಓರೆಯಾಗಿ ಕೂತು, ನಿಮಿಷಕ್ಕೆ 1500 ಸುತ್ತು ತಿರುಗುತ್ತ, ತನ್ನ ಅಂಚಿನ ಹೆಡ್ಡುಗಳಿಂದ ಟೇಪಿನ ಮೇಲಿನ ಓರೆಗೆರೆಗಳನ್ನು ಓದುತ್ತದೆ. ಧ್ವನಿ ಮಾತ್ರ ಟೇಪಿನ ಅಂಚಿನಲ್ಲಿ. ಅದನ್ನು ಓದುವುದು ಕದಲದ ಬೇರೊಂದು ಹೆಡ್ಡು.

ಹೀಗಾಗಿ ಮೆಕ್ಯಾನಿಕ್ ಮುಚ್ಚಳ ಬಿಚ್ಚುವ ಮೊದಲು ಪರದೆ ನೋಡುತ್ತಿದ್ದ. ಹಾಡು ಸ್ಪಷ್ಟವಾಗಿ ಕೇಳಿ ಪರದೆ ತುಂಬ ಚುಕ್ಕಿ ಸುರಿದರೆ ವಿಡಿಯೊ ಹೆಡ್ಡಿಗೆ ಕೊಳೆ ಮೆತ್ತಿದೆ ಎಂದರ್ಥ. ಸ್ಪಿರಿಟ್ಟಿನಲ್ಲಿ ನೆನೆಸಿದ ಮೆತ್ತನೆ ಚರ್ಮದ ತುಂಡನ್ನು ಡ್ರಮ್ಮಿಗೆ ಹಗುರಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನೇ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಫೆರೈಟ್ ತುದಿ ಮುರಿದು ಹೆಡ್ಡೇ ಹೋಗುತ್ತದೆ. ಒರಟು ಟೇಪಿನ ಕ್ಲೀನಿಂಗ್ ಕ್ಯಾಸೆಟ್ಟುಗಳನ್ನು ಪದೇ ಪದೇ ಹಾಕಿ ಹೆಡ್ಡು ಸವೆಸಿಕೊಂಡವರೂ ಉಂಟು. ಗೆರೆಪಟ್ಟಿ ಪರದೆಯ ಮೇಲಂಚಿನಲ್ಲೇ ನಿಂತಿದ್ದರೆ ಟೇಪು ಡ್ರಮ್ಮಿಗೆ ಬರುವ ಕಡೆಯ ಗೈಡು, ಕೆಳಗಿದ್ದರೆ ಬಿಡುವ ಕಡೆಯದು ಎತ್ತರ ತಪ್ಪಿರುತ್ತಿತ್ತು. ಟ್ರ್ಯಾಕಿಂಗ್ ತಿರುಗಿಸಿದಾಗ ಪಟ್ಟಿ ಮಾಯವಾದರೆ ಅದೃಷ್ಟ; ಮುಚ್ಚಳ ಬಿಚ್ಚುವ ಕೆಲಸವೇ ಇಲ್ಲ.

ಗಿರಾಕಿಗೆ ಎಲ್ಲಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಯಂತ್ರ ಟೇಪು ತಿನ್ನುವುದು, ಅದೂ ಬಾಡಿಗೆ ಕ್ಯಾಸೆಟ್ಟು. ಸುತ್ತಿಕೊಳ್ಳುವ ರೀಲನ್ನು ತಿರುಗಿಸುವ ಐಡ್ಲರ್ ಚಕ್ರದ ರಬ್ಬರು ನುಣುಪಾಗಿ ಜಾರತೊಡಗಿದರೆ ರೀಲು ನಿಲ್ಲುತ್ತದೆ, ಪಿಂಚ್ ರೋಲರ್ ಮಾತ್ರ ಟೇಪನ್ನು ತಳ್ಳುತ್ತಲೇ ಇರುತ್ತದೆ. ಹೊಸ ಐಡ್ಲರ್ ಸಿಗದಿದ್ದರೆ ರಬ್ಬರಿಗೆ ಉಪ್ಪುಕಾಗದ ಉಜ್ಜುವುದು, ಅದಕ್ಕೂ ಬಗ್ಗದಿದ್ದರೆ ರಬ್ಬರನ್ನು ಒಳಹೊರಗು ಮಾಡಿ ತೊಡಿಸುವುದು. ಪುಸ್ತಕದಲ್ಲಿಲ್ಲದ ಈ ಉಪಾಯ ಕೆಲವು ತಿಂಗಳಾದರೂ ನಡೆಯುತ್ತಿತ್ತು.

ತೇವದ ಕಾಟ ಬೇರೆ. ಒಳಗೆ ತೇವ ಕಂಡರೆ ಹಲವು ಯಂತ್ರಗಳು ತಾವಾಗಿಯೇ ನಿಲ್ಲುತ್ತಿದ್ದವು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟು ಹೆಡ್ಡನ್ನು ಕೆಡಿಸುವುದಲ್ಲದೆ, ಆಮೇಲೆ ಹಾಕಿದ ಕ್ಯಾಸೆಟ್ಟುಗಳಿಗೂ ಬೂಷ್ಟು ಅಂಟಿಸಬಹುದಿತ್ತು.

ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ಹಬ್ಬಿತು, ದಶಕದ ಕೊನೆಗೆ ವಿಸಿಡಿ ಬಂತು. ಬಾಡಿಗೆ ಕ್ಯಾಸೆಟ್ಟಿನ ವ್ಯಾಪಾರ ಕರಗಿತು. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಬರುವುದೇ ನಿಂತಿತು. ಈಗ ಉಳಿದಿರುವ ಕೆಲಸ ಹೆಚ್ಚಾಗಿ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿಜಿಟಲ್‌ಗೆ ಇಳಿಸುವುದು. ಅದಕ್ಕೆ ಬೇಕಾದ ಹೆಡ್ಡು, ರೋಲರುಗಳನ್ನು ಕೆಟ್ಟು ಮೂಲೆ ಸೇರಿದ ಯಂತ್ರಗಳಿಂದಲೇ ಬಿಚ್ಚಿಕೊಳ್ಳಬೇಕು.