ರಾಮರಾಯನ ‘ಮಗ’ ಯಾರು? ಗಳಗನಾಥರ ಕಾದಂಬರಿ, ನಮ್ಮ ಕೃಷ್ಣೆ ದಂಡಿಯ ಯುದ್ಧ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು ಮಾಡೋಣ. ವಿಜಯನಗರ ಯಾಕೆ ಬಿತ್ತು ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ. ‘ಒಳಗಿನವರೇ ದ್ರೋಹ ಮಾಡಿದ್ರು’ ಅಂತಾರೆ. ಹಳೇ ಕಾದಂಬರಿ ಓದಿದ ಹಿರಿಯರಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ‘ರಾಮರಾಯನ ಮಗನೇ ಅವನಿಗೆ ಮುಳುವಾದ’ ಅನ್ನಬಹುದು. ಈ ಮಗ ಬಂದದ್ದು ಎಲ್ಲಿಂದ?

ನಾನು ಕೊಲ್ಹಾರದವನು. ಮೊಸರಿಗೆ ಹೆಸರಾದ ಊರು. ಹಳೇ ಊರು ಆಲಮಟ್ಟಿಯ ಹಿನ್ನೀರಿನೊಳಗೆ ಹೋಗಿದೆ. ನಮ್ಮೂರು ದಾಟಿದ ಕೃಷ್ಣೆ ಆಲಮಟ್ಟಿಯಿಂದ ಕೆಳಗಿಳಿದು ಮುದ್ದೇಬಿಹಾಳದ ಸೀಮೆಗೆ ಬಂದರೆ ತಂಗಡಗಿ ಸಿಗುತ್ತದೆ. 1565ರ ಜನವರಿಯ ಆ ಯುದ್ಧಕ್ಕೆ ‘ರಕ್ಕಸತಂಗಡಿ’ ಅನ್ನೋ ಹೆಸರು ಬಂದದ್ದು ರಕ್ಕಸಗಿ, ತಂಗಡಗಿ ಎಂಬ ಎರಡು ಊರು ಸೇರಿ. ಸುಲ್ತಾನರ ದಂಡು ಮೊದಲು ಬೀಡುಬಿಟ್ಟದ್ದು ಡೋಣಿ ದಂಡೆಯ ತಾಳೀಕೋಟೆಯಲ್ಲಿ, ಹಾಗಾಗಿ ಪಠ್ಯಪುಸ್ತಕದಲ್ಲಿ ಅದು ತಾಳೀಕೋಟೆ ಯುದ್ಧವೂ ಹೌದು. ಅಂದರೆ ಇದು ಹಂಪಿಯವರ ಕಥೆ ಮಾತ್ರ ಅಲ್ಲ, ನಮ್ಮ ಹೊಲದ ಬದುವಿನ ಕಥೆ.

ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿದವರು ಗಳಗನಾಥರು. ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಹುಟ್ಟಿದರು, ಊರಿನ ಹೆಸರೇ ಕಾವ್ಯನಾಮವಾಯಿತು. ವೃತ್ತಿಯಿಂದ ಶಾಲಾ ಮಾಸ್ತರರು. ಆಗ ನಾವೆಲ್ಲ ಮುಂಬಯಿ ಪ್ರಾಂತ್ಯದವರು. ಓದುವ ಚಟ ಇದ್ದ ಹುಡುಗರ ಕೈಯಲ್ಲಿ ಮರಾಠಿ ಕಾದಂಬರಿ. ಕನ್ನಡದಲ್ಲಿ ಹಂಗೆ ರಾತ್ರಿಯೆಲ್ಲ ಕೂತು ಓದುವಂಥದ್ದು ಬಹಳ ಕಡಿಮೆ. ಮಾಸ್ತರರು ಆ ಜಾಗ ತುಂಬಲಿಕ್ಕೆ ಹೊರಟರು. ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು, ಅಚ್ಚಾದ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪ್ರಚಾರಕ್ಕೆ ಇನ್‌ಸ್ಟಾಗ್ರಾಮ್ ಇಲ್ಲದ ಕಾಲ, ಕಾಲೇ ಗತಿ.

ಅವರು ‘ಮಕ್ಕಳಿಗಾಗಿ’ ಅಂತ ಹಣೆಪಟ್ಟಿ ಹಚ್ಚಿ ಬರೆಯಲಿಲ್ಲ. ಆದರೆ ಓದಲು ಆಗತಾನೇ ಕಲಿತವರನ್ನು ಎದುರಿಗೆ ಕೂರಿಸಿಕೊಂಡೇ ಬರೆದಂತಿದೆ. ಪ್ರತಿ ಪ್ರಕರಣದ ಕೊನೆಗೆ ಮುಂದೇನು ಅನ್ನೋ ಕೊಕ್ಕೆ. ವಿದ್ಯಾರಣ್ಯರ ಕಾಲಕ್ಕೆ ‘ಮಾಧವ ಕರುಣಾ ವಿಲಾಸ’, ವಿಜಯನಗರದ ಅಂತ್ಯಕ್ಕೆ ‘ಕನ್ನಡಿಗರ ಕರ್ಮಕಥೆ’. ಎರಡನೆಯದರ ಮೂಲ ಮರಾಠಿಯ ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’. ಮರಾಠಿಯ ಹಿಡಿತದಿಂದ ಕನ್ನಡ ಓದುಗರನ್ನು ಬಿಡಿಸಲು ಮರಾಠಿಯದೇ ಕಥೆ ಬೇಕಾಯ್ತು ನೋಡ್ರಿ! ನನಗಂತೂ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆ ಕಾದಂಬರಿಯಲ್ಲಿ ರಾಮರಾಜನಿಗೆ ಮೆಹರ್ಜಾನ್ ಎಂಬವಳ ಮೇಲೆ ಪ್ರೇಮ. ಅವರ ಮಗ ರಣಮಸ್ತಖಾನ. ಆ ಮಗನ ಸೇಡೇ ರಾಜ್ಯಕ್ಕೆ ಕುತ್ತು. ಓದಿದರೆ ಎದೆ ಝಲ್ ಅನ್ನುತ್ತದೆ. ಆದರೆ ಈ ಅಪ್ಪ-ಮಗನ ಸೇಡು ಕಾದಂಬರಿಯ ಕಟ್ಟು, ಇತಿಹಾಸ ಅಲ್ಲ.

ಹಾಗಾದರೆ ಇತಿಹಾಸದಲ್ಲಿ ಏನಿದೆ? ವಿಜಯಪುರದ ದರ್ಬಾರಿನಲ್ಲೇ ಇದ್ದು ಬರೆದ ಫೆರಿಷ್ತಾ ಒಂದು ಸಂಗತಿ ಹೇಳುತ್ತಾನೆ. ರಾಮರಾಯನ ಮಗ ತೀರಿಕೊಂಡಾಗ ವಿಜಯಪುರದ ಅಲಿ ಆದಿಲ್‌ಶಾಹ ತಾನೇ ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಸ್ವೀಕರಿಸಿದಳು. ಇಬ್ಬರೂ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋದರು. ಇನ್ನು ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ? ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು, ಮುಂದೆ ತೆಲುಗು ಕವಿಗಳನ್ನು ಸಾಕಿದವನು.

ಇಂಥವರೇ 1565ರಲ್ಲಿ ಎದುರು ನಿಂತರು. ರಾಮರಾಯ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತಾ ಬಲಿತಿದ್ದ, ಕೋಟೆಗಳನ್ನು ಕಸಿದಿದ್ದ. ಕೊನೆಗೆ ಬಿಜಾಪುರ, ಅಹಮದನಗರದ ನಡುವೆ ಬೀಗತನ ಬೆಳೆಯಿತು: ಅಹಮದನಗರದ ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟರು. ಆ ಕೋಟೆಗಾಗಿ ಎರಡೂ ಮನೆತನ ಎಷ್ಟೋ ವರ್ಷ ಬಡಿದಾಡಿದ್ದವು. ಈಗ ಜಗಳದ ಮೂಲವೇ ಮದುವೆ ಉಡುಗೊರೆ. ಗೋಲ್ಕೊಂಡ, ಬೀದರಗಳೂ ಸೇರಿದವು.

ದ್ರೋಹದ ಮಾತು ಪೂರ್ತಿ ಸುಳ್ಳೇನಲ್ಲ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಇಬ್ಬರು ಮುಸಲ್ಮಾನ ಸರದಾರರು ರಣದಲ್ಲಿ ತಿರುಗಿಬಿದ್ದರು ಅಂತ ಬರೆದಿದ್ದಾನೆ. ಇದನ್ನೇ ಹಿಡಿದು ‘ಧರ್ಮಯುದ್ಧ’ ಅನ್ನುವವರು ಇನ್ನೊಂದನ್ನು ಮರೆಯುತ್ತಾರೆ. ಆ ಸರದಾರರನ್ನು ನಂಬಿ ದಂಡು ಒಪ್ಪಿಸಿದವನು ರಾಮರಾಯನೇ. ಅವನ ಸೈನ್ಯದಲ್ಲಿ ಮುಸಲ್ಮಾನರು ಇದ್ದದ್ದು ಹೊಸದೂ ಅಲ್ಲ, ಗುಟ್ಟೂ ಅಲ್ಲ.

ನನಗೆ ಅನ್ನಿಸೋದು ಇಷ್ಟು. ಚರಿತ್ರೆಯಲ್ಲಿ ‘ಮಗ’ ಅನ್ನೋದು ರಾಜಕೀಯದ ಮಾತು, ಇವತ್ತು ಅಪ್ಪಿಕೊಂಡು ನಾಳೆ ಬಿಡುವ ಸಂಬಂಧ. ಕಾದಂಬರಿ ಆ ಮಗನನ್ನು ರಕ್ತದ ಮಗ ಮಾಡಿದೆ. ನಾಲ್ಕು ರಾಜ್ಯಗಳ ಲೆಕ್ಕಾಚಾರ ಹದಿನಾರರ ಹುಡುಗನಿಗೆ ನೆನಪಿರಲಿಕ್ಕಿಲ್ಲ. ಅಪ್ಪನ ಮೇಲೆ ತಿರುಗಿದ ಮಗನನ್ನು ಅವನು ಸಾಯೋತನಕ ಮರೆಯುವುದಿಲ್ಲ. ಕಥೆಗಾರರ ಜಾಣತನ ಅದು. ತೊಂದರೆ ಆಗೋದು ಆ ಮಗ ಪುಸ್ತಕದಿಂದ ಎದ್ದು ವಾಟ್ಸಾಪ್ ಫಾರ್ವರ್ಡಿಗೆ ಬಂದು ಸಾಕ್ಷಿ ಹೇಳಲು ನಿಂತಾಗ. ಗಳಗನಾಥರು 1942ರಲ್ಲಿ ತೀರಿಕೊಂಡರು, ಆ ಫಾರ್ವರ್ಡಿನ ಹೊಣೆ ಅವರ ಮೇಲೆ ಹಾಕಲಾಗದು.

‘ಕನ್ನಡಿಗರ ಕರ್ಮಕಥೆ’ ಕನ್ನಡ ವಿಕಿಸೋರ್ಸಿನಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ಓದಬಹುದು. ಭಾಷೆ ಹಳೇದು, ಮೊದಲ ಹತ್ತು ಪುಟ ಸ್ವಲ್ಪ ತಾಳ್ಮೆ ಬೇಕು. ಮುಂದಿನ ವಾರ ಚಾಂದಬೀಬಿಯ ಕಥೆ ಹೇಳ್ತೀನಿ, ಮದುವೆಯಾಗಿ ವಿಜಯಪುರಕ್ಕೆ ಬಂದವಳು ಅಹಮದನಗರದ ಕೋಟೆ ಮೇಲೆ ಮೊಗಲರ ಎದುರು ನಿಂತದ್ದು ಹೇಗೆ ಅಂತ.