ಫೆಡರೇಷನ್ ಕಪ್ಪಿನ ನಲವತ್ತು ವರ್ಷ

ಸೋತವನಿಗೆ ಮರುದಿನವಿಲ್ಲ. ಆಟಗಳಲ್ಲೆಲ್ಲ ಇದಕ್ಕಿಂತ ಸರಳವಾದ, ಇದಕ್ಕಿಂತ ಕಠಿನವಾದ ನಿಯಮ ಬೇರೊಂದಿರಲಾರದು. ಲೀಗ್ ಪಂದ್ಯಾಟದಲ್ಲಿ ಇಂದು ಸೋತ ತಂಡ ಮುಂದಿನ ವಾರ ಗೆದ್ದು ನಷ್ಟ ತುಂಬಿಕೊಳ್ಳಬಹುದು. ಅಲ್ಲಿ ಕಡೆಗೆ ಮೇಲೆ ನಿಲ್ಲುವುದು ಸಾಮಾನ್ಯವಾಗಿ ಹೆಚ್ಚು ಆಟಗಾರರೂ ಹೆಚ್ಚು ಹಣವೂ ಉಳ್ಳ ತಂಡವೇ. ನಾಕೌಟ್ ಪಂದ್ಯಾಟದ ಮಾತು ಬೇರೆ. ಅಲ್ಲಿ ದೊಡ್ಡವನೂ ಚಿಕ್ಕವನೂ ತೊಂಬತ್ತು ನಿಮಿಷಗಳ ಮಟ್ಟಿಗೆ ಸಮಾನರು. ಆ ಒಂದು ಸಂಜೆ ಚಿಕ್ಕವನ ಕಾಲು ಚುರುಕಾಗಿದ್ದರೆ ದೊಡ್ಡವನು ಗಂಟುಮೂಟೆ ಕಟ್ಟಬೇಕು. ಭಾರತದ ಕ್ಲಬ್ಬುಗಳಿಗಾಗಿ ಏರ್ಪಟ್ಟ ಫೆಡರೇಷನ್ ಕಪ್ಪಿನ ಮೊದಲ ವರ್ಷ ಆದದ್ದೂ ಹೀಗೆಯೇ. ಗೆದ್ದವರು ನಮ್ಮ ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯವರು.

ಈ ಬಗೆಯ ಪಂದ್ಯಾಟದ ತವರು ಇಂಗ್ಲೆಂಡು. ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಸಿ. ಡಬ್ಲ್ಯೂ. ಆಲ್ಕಾಕ್ ಎಂಬಾತ, ತಾನು ಓದಿದ ಹ್ಯಾರೋ ಶಾಲೆಯ ವಸತಿಗೃಹಗಳ ನಡುವೆ ನಡೆಯುತ್ತಿದ್ದ ಸ್ಪರ್ಧೆಯನ್ನು ನೆನೆದು, ಕ್ಲಬ್ಬುಗಳಿಗೂ ಅಂಥದೊಂದು ಇರಲೆಂದು ೧೮೭೧ರಲ್ಲಿ ಸೂಚಿಸಿದ. ಮರುವರ್ಷ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಮೊದಲ ಅಂತಿಮ ಪಂದ್ಯದಲ್ಲಿ ವಾಂಡರರ್ಸ್ ತಂಡ ರಾಯಲ್ ಎಂಜಿನಿಯರ್ಸ್ ಎಂಬ ಸೈನಿಕರ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಮುಂದೆ ಸಿಪಾಯಿಗಳು ಹೋದಲ್ಲೆಲ್ಲ ಚೆಂಡೂ ಹೋಯಿತು, ಕಪ್ಪೂ ಹೋಯಿತು. ೧೮೮೮ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, ೧೮೯೧ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್, ೧೮೯೩ರಲ್ಲಿ ಕಲ್ಕತ್ತೆಯಲ್ಲಿ ಐ.ಎಫ್.ಎ. ಷೀಲ್ಡ್ ಹುಟ್ಟಿಕೊಂಡವು. ಬಹುಕಾಲ ಇವು ಬಿಳಿಯ ಪಲ್ಟನುಗಳ ಸ್ವತ್ತಾಗಿಯೇ ಇದ್ದವು. ೧೯೧೧ರ ಜುಲೈ ೨೯ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ಪಲ್ಟನನ್ನು ೨-೧ರಿಂದ ಸೋಲಿಸಿ ಷೀಲ್ಡನ್ನು ಗೆದ್ದುಕೊಂಡ ಸಂಗತಿ ಎಲ್ಲರೂ ಬಲ್ಲದ್ದು. ಬರಿಗಾಲಿನವರು ಬೂಟುಗಾಲಿನವರನ್ನು ಗೆದ್ದರೆಂದು ಬಂಗಾಳದ ಜನ ಅದನ್ನು ಇಂದಿಗೂ ಹಾಡಿ ಹೊಗಳುತ್ತಾರೆ.

ನಮ್ಮವರ ಗೆಲವು ಅಷ್ಟು ಮಾತಿಗೆ ಬರುವುದಿಲ್ಲ. ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದೂ ಅಲ್ಲ, ಮುಂಬಯಿಯದೂ ಅಲ್ಲ. ೧೯೩೭ರಲ್ಲಿ ಅದನ್ನು ಗೆದ್ದವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. ಮರುವರ್ಷವೂ ಅವರೇ ಗೆದ್ದರು. ಬೆಂಗಳೂರಿನ ದಂಡಿನಲ್ಲಿ ಸಿಪಾಯಿಗಳು ಆಡುತ್ತಿದ್ದುದನ್ನು ಸುತ್ತಲಿನ ಕೇರಿಗಳ ಹುಡುಗರು ನೋಡಿ ಕಲಿತರು. ಕಲಿತು ಕಲಿಸಿದವರನ್ನೇ ಮೀರಿದರು. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿ ೧೯೪೧ರಲ್ಲಿ ಆರಂಭವಾದ ಮೇಲೆ ಮೈಸೂರು ತಂಡ ಅದನ್ನು ನಾಲ್ಕು ಸಲ ಗೆದ್ದಿತು: ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯. ಆದರೆ ಇಡೀ ದೇಶದ ಕ್ಲಬ್ಬುಗಳಿಗಾಗಿ ರಾಷ್ಟ್ರೀಯ ಸಂಸ್ಥೆಯೇ ನಡೆಸುವ ಪಂದ್ಯಾಟ ಇರಲಿಲ್ಲ. ಆ ಕೊರತೆಯನ್ನು ತುಂಬಲೆಂದು ೧೯೭೭ರಲ್ಲಿ ಫೆಡರೇಷನ್ ಕಪ್ ಬಂದಿತು.

ಮೊದಲ ಪಂದ್ಯಾಟ ಎರ್ನಾಕುಲಂನಲ್ಲಿ. ಅಂತಿಮ ಪಂದ್ಯದಲ್ಲಿ ಒಂದು ಕಡೆ, ಷೀಲ್ಡಿನ ಕಾಲದಿಂದ ದೇಶಕ್ಕೆಲ್ಲ ಹೆಸರಾದ ಮೋಹನ್ ಬಾಗಾನ್. ಇನ್ನೊಂದು ಕಡೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಂದರೆ ಐ.ಟಿ.ಐ. ಒಂದೇ ಗೋಲು ಬಿತ್ತು, ಅದು ಬೆಂಗಳೂರಿನದಾಗಿತ್ತು. ೧೯೪೮ರಲ್ಲಿ ಸ್ಥಾಪನೆಯಾಗಿ ದೂರವಾಣಿನಗರವೆಂಬ ಊರನ್ನೇ ಕಟ್ಟಿದ ಆ ಕಾರ್ಖಾನೆ, ಟೆಲಿಫೋನುಗಳ ಜೊತೆಗೆ ಕಾಲ್ಚೆಂಡಿನ ಆಟಗಾರರನ್ನೂ ತಯಾರಿಸುತ್ತಿತ್ತೆಂದರೆ ಅತಿಶಯೋಕ್ತಿಯಾಗದು.

ಆ ಗೆಲವಿನ ಹಿಂದಿದ್ದ ಏರ್ಪಾಡನ್ನು ಇಂದಿನ ವಾಚಕರು ಅರಿಯುವುದು ಅವಶ್ಯ. ಆಗಿನ ಆಟಗಾರ ಆಟದಿಂದಲೇ ಹೊಟ್ಟೆ ಹೊರೆಯುತ್ತಿರಲಿಲ್ಲ. ಆಟದಿಂದ ದೊರೆತ ನೌಕರಿಯಿಂದ ಹೊರೆಯುತ್ತಿದ್ದ. ಚೆನ್ನಾಗಿ ಆಡುವ ಹುಡುಗನನ್ನು ಕಾರ್ಖಾನೆ ಸೇರಿಸಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕೆಲಸ, ಮಿಕ್ಕ ಹೊತ್ತು ಅಭ್ಯಾಸ. ಮೂವತ್ತೈದರ ಹೊತ್ತಿಗೆ ಕಾಲು ಸೋತರೂ ಕೆಲಸ ಉಳಿಯುತ್ತಿತ್ತು, ಸಂಬಳ ಬರುತ್ತಿತ್ತು. ಬಡವರ ಮನೆಯ ತಾಯಿ ಮಗನನ್ನು ಮೈದಾನಕ್ಕೆ ಕಳಿಸಲು ಇದಕ್ಕಿಂತ ದೊಡ್ಡ ಧೈರ್ಯ ಬೇಕೆ?

ಫೆಡರೇಷನ್ ಕಪ್ಪಿನ ವಿಜೇತರ ಪಟ್ಟಿಯನ್ನು ಓದುವಾಗ ನನಗೆ ಅದು ಅರ್ಧಮಟ್ಟಿಗೆ ಉದ್ಯೋಗಸ್ಥಳಗಳ ಪಟ್ಟಿಯಂತೆಯೇ ಕಾಣುತ್ತದೆ. ಸಿಂಹಪಾಲು ಕಲ್ಕತ್ತೆಯದು, ನಿಜ. ಮೋಹನ್ ಬಾಗಾನ್ ೧೪ ಸಲ, ಈಸ್ಟ್ ಬೆಂಗಾಲ್ ೮ ಸಲ ಗೆದ್ದವು. ೧೯೭೮ರಲ್ಲಿಯೂ ೧೯೮೦ರಲ್ಲಿಯೂ ಇಬ್ಬರೂ ಸರಿಸಮವಾಗಿ ನಿಂತು ಕಪ್ಪನ್ನು ಹಂಚಿಕೊಂಡರು. ಆದರೆ ನಡುನಡುವೆ ಬರುವ ಹೆಸರುಗಳನ್ನು ನೋಡಿ. ೧೯೯೦ ಮತ್ತು ೧೯೯೧ರಲ್ಲಿ ಕೇರಳ ಪೊಲೀಸ್. ೧೯೯೫ ಮತ್ತು ೧೯೯೬ರಲ್ಲಿ ಪಂಜಾಬಿನ ಫಗ್ವಾಡಾದ ಬಟ್ಟೆ ಗಿರಣಿಯ ಜೆ.ಸಿ.ಟಿ.; ೨೦೦೩ ಮತ್ತು ೨೦೦೫ರಲ್ಲಿ ಮುಂಬಯಿಯ ಮೋಟಾರು ಕಂಪನಿಯ ಮಹೀಂದ್ರ ಯುನೈಟೆಡ್. ಪೊಲೀಸು, ಗಿರಣಿ, ಮೋಟಾರು, ಟೆಲಿಫೋನು! ದೇಶದ ದುಡಿಮೆಯೇ ಚೆಂಡಿನ ಹಿಂದೆ ಓಡಿದಂತಿದೆ.

ಈ ಕಾಲವೂ ಮುಗಿಯಿತು. ಟೆಲಿಫೋನಿನ ವ್ಯಾಪಾರ ಎಲ್ಲರಿಗೂ ತೆರೆದು, ಮೊಬೈಲು ಬಂದ ಮೇಲೆ ಐ.ಟಿ.ಐ.ನ ಹಳೆಯ ವೈಭವ ಉಳಿಯಲಿಲ್ಲ. ಅದರ ತಂಡವೂ ರಾಷ್ಟ್ರಮಟ್ಟದಿಂದ ಮರೆಯಾಯಿತು. ಮಹೀಂದ್ರ ೨೦೧೦ರಲ್ಲಿ, ಜೆ.ಸಿ.ಟಿ. ೨೦೧೧ರಲ್ಲಿ ತಮ್ಮ ತಂಡಗಳನ್ನು ವಿಸರ್ಜಿಸಿದವು. ಬೆಂಗಳೂರಿನ ವಿಮಾನ ಕಾರ್ಖಾನೆಯ ಎಚ್.ಎ.ಎಲ್. ತಂಡ ರಾಷ್ಟ್ರೀಯ ಲೀಗಿನಲ್ಲಿ ಎರಡು ವರ್ಷ ಹೆಣಗಿ ೨೦೧೨ರಲ್ಲಿ ಕೆಳಗಿಳಿಯಿತು. ಮರುವರ್ಷ, ೨೦೧೩ರಲ್ಲಿ, ಉಕ್ಕಿನ ಉದ್ಯಮದವರಾದ ಜೆ.ಎಸ್.ಡಬ್ಲ್ಯೂ. ಬಳಗ ಬೆಂಗಳೂರು ಎಫ್.ಸಿ.ಯನ್ನು ಸ್ಥಾಪಿಸಿತು. ಇದು ಕಾರ್ಖಾನೆಯ ತಂಡವಲ್ಲ. ಇದರ ಆಟಗಾರ ಕಾರ್ಖಾನೆಯ ಗೇಟು ದಾಟುವುದಿಲ್ಲ, ಕರಾರಿಗೆ ಸಹಿ ಹಾಕುತ್ತಾನೆ. ೨೦೧೫ರಲ್ಲಿ ಗೋವೆಯ ಡೆಂಪೊ ತಂಡವನ್ನು ೨-೧ರಿಂದ ಸೋಲಿಸಿ ಅದು ಫೆಡರೇಷನ್ ಕಪ್ಪನ್ನು ಮೂವತ್ತೆಂಟು ವರ್ಷಗಳ ಬಳಿಕ ಬೆಂಗಳೂರಿಗೆ ತಂದಿತು. ೨೦೧೭ರ ಮೇ ೨೧ರಂದು ಕಟಕದಲ್ಲಿ ಹೆಚ್ಚುವರಿ ಅವಧಿಯವರೆಗೆ ಆಡಿ ಮೋಹನ್ ಬಾಗಾನ್ ತಂಡವನ್ನು ೨-೦ಯಿಂದ ಮಣಿಸಿತು. ಅದೇ ಕೊನೆಯ ಫೆಡರೇಷನ್ ಕಪ್. ಅದರ ಸ್ಥಾನದಲ್ಲಿ ೨೦೧೮ರಲ್ಲಿ ಬಂದ ಸೂಪರ್ ಕಪ್ಪನ್ನೂ ಮೊದಲು ಗೆದ್ದದ್ದು ಬೆಂಗಳೂರೇ. ಮೊದಲನೆಯದೂ ನಮ್ಮದು, ಕೊನೆಯದೂ ನಮ್ಮದು. ಎರಡೂ ಸಲ ಎದುರಿಗಿದ್ದವರು ಮೋಹನ್ ಬಾಗಾನರೇ!

ಆ ಕೊನೆಯ ಪಂದ್ಯದ ಎರಡೂ ಗೋಲುಗಳನ್ನು ಹೊಡೆದವನು ಕಣ್ಣೂರಿನ ಸಿ. ಕೆ. ವಿನೀತ್. ಕ್ರೀಡಾಪಟುವೆಂಬ ಕಾರಣದಿಂದ ಅವನಿಗೆ ಕೇರಳದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ನೌಕರಿ ದೊರೆತಿತ್ತು. ಹಾಜರಿ ಸಾಲದೆಂದು ಅದೇ ೨೦೧೭ರಲ್ಲಿ ಆ ಕಚೇರಿ ಅವನನ್ನು ಕೆಲಸದಿಂದ ತೆಗೆದುಹಾಕಿತು. ಆಟಕ್ಕೆಂದು ಕೊಟ್ಟ ಕೆಲಸ, ಆಡಿದ್ದಕ್ಕಾಗಿಯೇ ಹೋಯಿತು! ಅನಂತರ ರಾಜ್ಯ ಸರ್ಕಾರ ಅವನ ಕೈಹಿಡಿಯಿತೆನ್ನಿ. ಆದರೂ ನಲವತ್ತು ವರ್ಷಗಳಲ್ಲಿ ಆಟಕ್ಕೂ ನೌಕರಿಗೂ ನಡುವಣ ನಂಟು ಎಲ್ಲಿಂದ ಎಲ್ಲಿಗೆ ಬಂದಿತೆಂಬುದನ್ನು ಈ ಒಂದು ಹಾಜರಿ ಪುಸ್ತಕವೇ ಹೇಳುತ್ತದೆ.

ಹಳೆಯದೆಲ್ಲ ಚಿನ್ನವೆಂದು ನಾನು ವಾದಿಸುವವನಲ್ಲ. ಇಂದಿನ ಆಟಗಾರನಿಗೆ ಹಣವಿದೆ, ವೈದ್ಯರಿದ್ದಾರೆ, ಒಳ್ಳೆಯ ಮೈದಾನವಿದೆ. ಆದರೆ ಆ ಭಾಗ್ಯ ಒಂದು ತಂಡದ ಇಪ್ಪತ್ತು ಮೂವತ್ತು ಜನಕ್ಕೆ. ಅವರ ಕೆಳಗಿನ ನೂರಾರು ಹುಡುಗರನ್ನು ಹಿಂದೆ ಕಾರ್ಖಾನೆಗಳು ಸಾಕುತ್ತಿದ್ದವು. ಈಗ ಅವರನ್ನು ಕೇಳುವವರಾರು?

ಈ ಪ್ರಶ್ನೆ ಕೋಲಾರ ತಾಲ್ಲೂಕಿನ ನಮ್ಮ ವೇಮಗಲ್ಲಿಗೆ ದೂರದ್ದಲ್ಲ. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ನೆಲದಲ್ಲಿ ಇಂದು ಕೈಗಾರಿಕಾ ಪ್ರದೇಶ ಎದ್ದಿದೆ; ಪಕ್ಕದ ನರಸಾಪುರದಲ್ಲಿಯೂ ಹಾಗೆಯೇ. ಹೊಲ ಕೊಟ್ಟವರ ಮಕ್ಕಳು ಪಾಳಿಯ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಾರೆ. ಈ ಕಾರ್ಖಾನೆಗಳು ಸೇರಿ ತಮ್ಮತಮ್ಮಲ್ಲೇ ಒಂದು ನಾಕೌಟ್ ಕಪ್ಪನ್ನು ಏರ್ಪಡಿಸಿ, ಚೆನ್ನಾಗಿ ಆಡಿದ ನಾಲ್ಕಾರು ಹುಡುಗರಿಗೆ ಖಾಯಂ ಕೆಲಸವನ್ನೂ ಅಭ್ಯಾಸಕ್ಕೆ ಬಿಡುವನ್ನೂ ಕೊಟ್ಟರೆ ಯಾರ ಲಾಭಕ್ಕೂ ಕುಂದು ಬಾರದು. ದೂರವಾಣಿನಗರದವರು ಕಲ್ಕತ್ತೆಯನ್ನು ಗೆದ್ದದ್ದು ಇಷ್ಟೇ ಬಂಡವಾಳದಿಂದ.