ಹಡಗಿಗೊಂದು ಐನ್‌ಮನೆ

ಶ್ರೀಮಂಗಲದವರಿಗೆ ಕಡಲು ದೂರ. ನಮಗೆ ನೀರೆಂದರೆ ಮಳೆ, ಲಕ್ಷ್ಮಣತೀರ್ಥ ಹೊಳೆ, ಇರ್ಪು ಜಲಪಾತ. ಆದರೆ ಸೇನೆ ಹತ್ತಿರದ್ದು. ಸಮವಸ್ತ್ರ ತೊಟ್ಟವರ ಫೋಟೊ ಗೋಡೆಯ ಮೇಲಿಲ್ಲದ ಮನೆ ನಮ್ಮ ಕಡೆ ಕಡಿಮೆ. ಅದಕ್ಕೇ ಇರಬೇಕು, ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ನೋಡಿದಾಗ ಅದರ ಕ್ಷಿಪಣಿಗಿಂತ ಅದರ ನಿವೃತ್ತಿಯ ಬಗ್ಗೆ ನನಗೆ ಹೆಚ್ಚು ಕುತೂಹಲ ಹುಟ್ಟಿತು. ನಿವೃತ್ತ ಸೈನಿಕ ಊರಿಗೆ ಬಂದು ಕಾಫಿ ತೋಟ ನೋಡಿಕೊಳ್ಳುತ್ತಾನೆ. ನಿವೃತ್ತ ಹಡಗು ಎಲ್ಲಿಗೆ ಹೋಗಬೇಕು?

ಚಪಲ್ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆಗೆ ಸೇರಿ, 2005ರ ಮೇ ತಿಂಗಳಲ್ಲಿ ನಿವೃತ್ತವಾಯಿತು. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಹಡಗು ಎಂದು ಹಲವರು ಹೇಳುವುದುಂಟು; ಇಸವಿಗಳು ಅದಕ್ಕೆ ಒಪ್ಪುವುದಿಲ್ಲ. ಡಿಸೆಂಬರ್ 4ರ ಆ ರಾತ್ರಿ ಕ್ಷಿಪಣಿ ಹಾರಿಸಿದ್ದು ಇದೇ ಬಗೆಯ, ಇದಕ್ಕಿಂತ ಹಿರಿಯ ದೋಣಿಗಳಾದ ನಿರ್ಘಾತ್, ನಿಪಾತ್ ಮತ್ತು ವೀರ್. ಚಪಲ್ ಆ ಮನೆತನದ ಕಿರಿಯ ಸದಸ್ಯ. ಹಾಗೆಂದು ಅದರ ಬೆಲೆ ಕಡಿಮೆಯಾಗುವುದಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ ನಾವಿಕರು ಹೇಗೆ ಬದುಕುತ್ತಿದ್ದರು ಎಂಬುದನ್ನು ಒಳಗೆ ಇಳಿದು ನೋಡಿದಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. 2006ರ ನವೆಂಬರ್ 7ರಂದು ಸಂಗ್ರಹಾಲಯ ತೆರೆಯಿತು. ಕಾರವಾರದವರೇ ಆದ, ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆ ಅವರ ಪ್ರತಿಮೆಯೂ ಅಂದೇ ಅಲ್ಲಿ ಅನಾವರಣಗೊಂಡಿತು.

ಚಪಲ್ ಉಳಿದದ್ದಕ್ಕೆ ಅಭಿಮಾನವೊಂದೇ ಕಾರಣವಲ್ಲ ಎಂದು ನನಗನ್ನಿಸುತ್ತದೆ. ಅದರ ಉದ್ದ ಸುಮಾರು 39 ಮೀಟರ್, ತೂಕ ಸುಮಾರು 245 ಟನ್. ಅಷ್ಟು ಚಿಕ್ಕದಾದ್ದರಿಂದ ನೆಲದ ಮೇಲೆ ನಿಲ್ಲಿಸಬಹುದು. ನೀರಿನಲ್ಲೇ ತೇಲುವ ಹಡಗಿನ ತಳವನ್ನು ಉಪ್ಪುನೀರು ಸದಾ ತಿನ್ನುತ್ತಿರುತ್ತದೆ. ಅದನ್ನು ಆಗಾಗ ಒಣ ಹಡಗುಕಟ್ಟೆಗೆ ಎಳೆದೊಯ್ದು, ಕೆರೆದು, ತಗಡು ಬದಲಿಸಿ, ಬಣ್ಣ ಬಳಿಯಬೇಕು. ದೊಡ್ಡ ಹಡಗಿಗೆ ಆ ಖರ್ಚು ಮುಗಿಯುವುದೇ ಇಲ್ಲ.

ವಿಕ್ರಾಂತ್‌ನ ಕತೆ ಅದೇ. 1961ರಲ್ಲಿ ಸೇವೆಗೆ ಬಂದ ನಮ್ಮ ಮೊದಲ ವಿಮಾನವಾಹಕ ನೌಕೆ ಅದು. 1971ರಲ್ಲಿ ಅದರಿಂದ ಹಾರಿದ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದವು. 1997ರಲ್ಲಿ ನಿವೃತ್ತವಾದ ಮೇಲೆ ಮುಂಬಯಿಯಲ್ಲಿ ತೇಲುವ ಸಂಗ್ರಹಾಲಯವಾಯಿತು. ಆದರೆ ಶಾಶ್ವತ ನೆಲೆಗೆ ಬೇಕಾದ ಹಣ ಹೊಂದಲಿಲ್ಲ. ಸುರಕ್ಷತೆಯ ಕಾರಣಕ್ಕೆ 2012ರ ಹೊತ್ತಿಗೆ ಜನರ ಪ್ರವೇಶ ನಿಂತಿತು. ಉಳಿಸಲು ಹೋದವರಿಗೆ ನ್ಯಾಯಾಲಯದಲ್ಲೂ ಗೆಲುವು ಸಿಗಲಿಲ್ಲ. 2014ರಲ್ಲಿ ಅದನ್ನು ಒಡೆಯತೊಡಗಿದರು. ಅದರ ಉಕ್ಕು ಸೇರಿಸಿ ಮಾಡಿದ ಬಜಾಜ್ ಬೈಕುಗಳು ಮುಂದೆ ರಸ್ತೆಗಿಳಿದವು. 2017ರಲ್ಲಿ ನಿವೃತ್ತವಾದ ವಿರಾಟ್‌ಗೂ ಸಂಗ್ರಹಾಲಯದ ಯೋಜನೆಗಳು ಬಂದವು, ಹೋದವು. 2020ರಲ್ಲಿ ಅದು ಗುಜರಾತಿನ ಅಲಂಗ್‌ಗೆ, ಹಡಗು ಒಡೆಯುವ ತೀರಕ್ಕೆ, ಹೊರಟಿತು.

ನೆಲದ ಮೇಲೆ ನಿಂತ ಮಾತ್ರಕ್ಕೂ ಎಲ್ಲ ಮುಗಿಯುವುದಿಲ್ಲ. 1905ರ ತ್ಸುಶಿಮಾ ಕದನದಲ್ಲಿ ಅಡ್ಮಿರಲ್ ಟೋಗೊ ಇದ್ದ ಜಪಾನಿನ ಮಿಕಾಸಾವನ್ನು 1926ರಲ್ಲಿ ಯೊಕೊಸುಕಾದಲ್ಲಿ ಕಾಂಕ್ರೀಟಿನಲ್ಲಿ ನೆಲೆ ನಿಲ್ಲಿಸಿ ಸ್ಮಾರಕ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ದೇಶ ಸೋತ ಮೇಲೆ ಅದರ ಫಿರಂಗಿಗಳು ಹೋದವು. ಹಡಗು ಮೋಜಿನ ತಾಣವಾಯಿತು. ಅದು ಮತ್ತೆ ತನ್ನ ರೂಪಕ್ಕೆ ಬಂದದ್ದು 1961ರಲ್ಲಿ, ಬೇರೊಂದು ತಲೆಮಾರು ಮನಸ್ಸು ಮಾಡಿದ ಮೇಲೆ. ಅಂದರೆ ‘ಶಾಶ್ವತ’ ಎಂಬುದನ್ನು ಒಬ್ಬರು ಒಮ್ಮೆ ಕೊಟ್ಟು ಮುಗಿಸಲಾಗುವುದಿಲ್ಲ.

ಕೊಡಗಿನವರಿಗೆ ಇದು ಹೊಸ ಮಾತಲ್ಲ. ನಮ್ಮ ಐನ್‌ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಈಗ ಬೀಗ. ಒಕ್ಕದವರು ಬೆಂಗಳೂರು, ಮೈಸೂರು ಸೇರಿದ್ದಾರೆ. ಉಳಿದಿರುವ ಐನ್‌ಮನೆ ಯಾವುದು ಎಂದು ನೋಡಿದರೆ, ಮರ ಗಟ್ಟಿ ಇದ್ದದ್ದಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು, ಹಬ್ಬಕ್ಕೆ ಬಂದು ದೀಪ ಹಚ್ಚಲು ಒಕ್ಕದಲ್ಲಿ ಯಾರೋ ಹೊಣೆ ಹೊತ್ತದ್ದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಬೆಳೆದ ‘ಸನ್ನಿಸೈಡ್’ ಕೂಡ ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಅದು ಸಂಗ್ರಹಾಲಯವಾಗಿ ತೆರೆದದ್ದು 2021ರ ಫೆಬ್ರವರಿಯಲ್ಲಿ.

ಹಡಗು ಉಳಿಸಬೇಕೆನ್ನುವವರು ಸಾಮಾನ್ಯವಾಗಿ ಕೇಳುವುದು ಜಾಗವನ್ನು. ಜಾಗ ಸಿಕ್ಕೀತು, ಉದ್ಘಾಟನೆಗೆ ಜನವೂ ಸೇರಿಯಾರು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಇಪ್ಪತ್ತನೆಯ ಮಳೆಗಾಲದ ತುಕ್ಕನ್ನು ಕೆರೆಯುವವರು ಯಾರು, ಅವರ ಸಂಬಳ ಯಾವ ಲೆಕ್ಕದಿಂದ? ಈ ಉತ್ತರ ಹಡಗು ನಿವೃತ್ತವಾಗುವ ಮೊದಲೇ ಕಾಗದದ ಮೇಲೆ ಇರಬೇಕು. ವಿಕ್ರಾಂತ್ ಸೇವೆಯಲ್ಲಿದ್ದದ್ದು 36 ವರ್ಷ. ನಿವೃತ್ತಿಯ ನಂತರ ನಾವು ಅದನ್ನು ಕಾಯಲಾದದ್ದು 17 ವರ್ಷ ಮಾತ್ರ.